ನಾನು ಎರಡು ಸಲ ಹಡೆದಿದ್ದೇನೆ, ಬರೆದುಕೊಳ್ಳಿ

ಹೆರಿಗೆ ಕೋಣೆಯ ಬಾಗಿಲಿಗೆ ಹೊಸ ನಿಯಮ ಅಂಟಿಸಿದ ಮಾನ್ಯ ವೈದ್ಯಾಧಿಕಾರಿಗಳೇ,

ನಿಮ್ಮ ನಿಯಮದಂತೆ ಬದುಕಿರುವ ಮಗುವಿನ ತಾಯಿ ಮಾತ್ರ ಹೆರಿಗೆ ಸಂಗಾತಿಯಾಗಿ ಒಳಗೆ ಹೋಗಬಹುದು. ನಾನು ಹಡೆದ ಎರಡು ಮಕ್ಕಳೂ ಉಳಿಯಲಿಲ್ಲ. ಆದ್ದರಿಂದ ಇದೇ ತಿಂಗಳ ಹದಿನೆಂಟರ ಸುಮಾರಿಗೆ ದಿನ ತುಂಬುವ ಉಜ್ವಲಾಳ ಪಕ್ಕದಲ್ಲಿ ನಾನು ಇರುವಂತಿಲ್ಲ. ತಾಯಿ ಇಲ್ಲದ ಹುಡುಗಿ ಅವಳು. ಚೊಚ್ಚಲ ಹೆರಿಗೆಗೆ ಚಿಮ್ಮಡದ ಅಜ್ಜಿ ಸಾತವ್ವನ ಮನೆಗೆ ಬಂದಿದ್ದಾಳೆ. ಸಾತವ್ವನಿಗೆ ಕಣ್ಣು ಕಾಣುವುದಿಲ್ಲ. ಉಳಿದವಳು ಪಕ್ಕದ ಮನೆಯ ನಾನೊಬ್ಬಳೇ. "ಅಂಜನಕ್ಕಾ, ನೀ ಒಳಗ ಇರ್ತಿ ಹೌದಲ್ಲ?" ಎಂದು ಆ ಹುಡುಗಿ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ. ನಿಮ್ಮ ನಿಯಮವನ್ನು ಅವಳಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಸಂಗಾತಿಗೆ ಅನುಭವ ಇರಬೇಕು, ಅದಕ್ಕೇ ಈ ನಿಯಮ ಎಂದು ನಿಮ್ಮ ಕಚೇರಿಯಲ್ಲಿ ಹೇಳಿದರು. ಸರಿ, ನನ್ನ ಅನುಭವ ಕೇಳಿ. ಮೊದಲ ಸಲ ಹತ್ತೊಂಬತ್ತು ತಾಸು ಹೆರಿಗೆ ಬ್ಯಾನಿ ತಿಂದೆ. ನಮ್ಮವ್ವನನ್ನು ಹೊರಗೇ ನಿಲ್ಲಿಸಿದ್ದರು. ಹಿಡಿದುಕೊಳ್ಳಲು ನನಗೆ ಮಂಚದ ಕಬ್ಬಿಣ ಬಿಟ್ಟರೆ ಬೇರೇನೂ ಇರಲಿಲ್ಲ. ಕೂಸು ಅಳಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದರು. ಗಂಡು ಎಂಬುದು ನನಗೆ ಮರುದಿನ ಗಂಡನಿಂದ ತಿಳಿಯಿತು. ಮುಖ ನಾನು ನೋಡಲೇ ಇಲ್ಲ, ಇವತ್ತಿಗೂ ಅದೊಂದು ಸಂಕಟ ಹೋಗಿಲ್ಲ.

ಎರಡನೆಯದು ಏಳು ತಿಂಗಳಿಗೇ ಆಯಿತು. ಆ ದಿನ ಯಲ್ಲವ್ವ ಎಂಬ ಆಯಾ ತನ್ನ ಪಾಳಿ ಮುಗಿದರೂ ಮನೆಗೆ ಹೋಗದೆ ನನ್ನ ಬೆನ್ನು ತಿಕ್ಕುತ್ತಾ ಕೂತಳು. ಮಗಳು ಅರ್ಧ ತಾಸು ಬದುಕಿದ್ದಳು. ಆ ಅರ್ಧ ತಾಸೂ ನನ್ನ ಎದೆಯ ಮೇಲಿದ್ದಳು, ಯಾಕೆಂದರೆ ಯಲ್ಲವ್ವ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. "ಎತ್ಕೊ ಯವ್ವಾ, ನಿನ್ನ ಮಗಳದಾಳ," ಅಂದಳು. ದುಃಖ ಎರಡೂ ಸಲ ಒಂದೇ. ಆದರೆ ಎರಡನೆಯ ಸಲ ನಾನು ಒಂಟಿಯಾಗಿರಲಿಲ್ಲ.

ಆಮೇಲೆ ನಾನು ಈ ಹೆರಿಗೆ ಸಂಗಾತಿಯ ಕೆಲಸಕ್ಕೆ ಬಂದೆ. ಜಮಖಂಡಿಯಲ್ಲಿ ಮೂರು ದಿನದ ತರಬೇತಿ ಪಡೆದೆ. ಇದಕ್ಕೆ ಇಂಗ್ಲಿಷಿನಲ್ಲಿ ಡೌಲಾ ಅನ್ನುತ್ತಾರಂತೆ. ನಾನು ಸೂಲಗಿತ್ತಿಯಲ್ಲ, ಸೂಜಿ ಔಷಧ ಮುಟ್ಟುವುದಿಲ್ಲ. ಬೆನ್ನು ತಿಕ್ಕುತ್ತೇನೆ, ನೀರು ಕುಡಿಸುತ್ತೇನೆ, ಏನಾಗುತ್ತಿದೆ ಎಂದು ಹೆದರಿದವಳಿಗೆ ತಿಳಿಸಿ ಹೇಳುತ್ತೇನೆ. ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸ ಬಿಟ್ಟು ಟಂಟಂ ಗಾಡಿ ಹತ್ತಿ ಬಂದು, ರನ್ನ ಬೆಳಗಲಿಯಿಂದ ಗಲಗಲಿಯವರೆಗಿನ ಊರುಗಳ ಹದಿನಾಲ್ಕು ಹೆಂಗಸರ ಜೊತೆ ನಿಮ್ಮದೇ ಆಸ್ಪತ್ರೆಯಲ್ಲಿ ನಿಂತಿದ್ದೇನೆ. ಆ ಹದಿನಾಲ್ಕು ಕೂಸುಗಳಲ್ಲಿ ಒಂದೂ ಅಳುವ ಮೊದಲು ನನ್ನ ಮನೆಯಲ್ಲಿ ಮಕ್ಕಳೆಷ್ಟು ಎಂದು ವಿಚಾರಿಸಲಿಲ್ಲ. ನನ್ನ ತರಬೇತಿ ಪತ್ರಕ್ಕೆ ಸಹಿ ಮಾಡಿದವರು ಯಾರು ಗೊತ್ತೇ? ತಾವೇ.

ಹೋದ ಸೋಮವಾರ ಹೊಸ ಅರ್ಜಿ ತುಂಬಲು ಬಂದಿದ್ದೆ. ಅದರಲ್ಲಿ 'ಜೀವಂತ ಮಕ್ಕಳ ಸಂಖ್ಯೆ ಮತ್ತು ಹೆಸರು' ಎಂಬ ಒಂದು ಚೌಕವಿದೆ. ನಾನು 'ಹೆರಿಗೆ ಎರಡು' ಎಂದು ಬರೆದೆ. ನರ್ಸಮ್ಮ ಪಾಪ ಒಳ್ಳೆಯವರು, ದನಿ ತಗ್ಗಿಸಿ ಹೇಳಿದರು: "ಹಂಗ ಬರದ್ರ ಸೊನ್ನಿ ಅಂತ ತಗೋತಾರ‍್ರಿ ಅಕ್ಕಾರ. ನಿಮ್ಮ ತಂಗಿ ಮಗನ ಹೆಸರ ಹಾಕಿಬಿಡ್ರಿ. ಯಾರ ನೋಡಾಕ ಬರ್ತಾರ?"

ಪೆನ್ನು ಹಿಡಿದೆ. ತಂಗಿಯ ಮಗನ ಹೆಸರಿನ ಮೊದಲ ಅಕ್ಷರವನ್ನೂ ಬರೆದೆ. ಮುಂದೆ ಕೈ ಓಡಲಿಲ್ಲ. ನನ್ನ ಮಕ್ಕಳಿಗೆ ಹೆಸರಿಲ್ಲ, ಫೋಟೊ ಇಲ್ಲ. ಅವು ಇದ್ದವು ಎನ್ನುವುದಕ್ಕೆ ನನ್ನ ಬಾಯಿಯೊಂದೇ ಸಾಕ್ಷಿ. ಆ ಬಾಯಿಂದಲೇ ಇಲ್ಲ ಅನ್ನಲೇ? ಸುಳ್ಳು ಹೇಳಿದವಳು ಒಳಗೆ ಹೋಗಬಹುದು, ನಿಜ ಹೇಳಿದವಳು ಹೊರಗೆ ನಿಲ್ಲಬೇಕು. ಎಂಥ ಅಚ್ಚುಕಟ್ಟಾದ ನಿಯಮ ಸ್ವಾಮಿ ನಿಮ್ಮದು.

ಅಥವಾ ನಿಜವಾದ ಕಾರಣ ಬೇರೆ ಇದೆಯೇ? ಮಕ್ಕಳು ಉಳಿಯದವಳ ಕಣ್ಣು ತಾಗುತ್ತದೆ ಎಂಬ ಅಂಜಿಕೆಯೇ? ಇದ್ದರೆ ಅದನ್ನೂ ಅಂಟಿಸಿ. ನಮ್ಮ ಓಣಿಯಲ್ಲೂ ಹಾಗೇ ಇತ್ತು. ಉಜ್ವಲಾಳಿಗೆ ಬಸುರಿ ಶಾಸ್ತ್ರದ ಕುಬಸ ಮಾಡಿದ ದಿನ ನಾನು ರೂಢಿಯಂತೆ ಬಾಗಿಲ ಬಳಿಯೇ ನಿಂತಿದ್ದೆ, ಉಡಿ ತುಂಬಲು ನನ್ನಂಥವಳನ್ನು ಯಾರೂ ಕರೆಯುವುದಿಲ್ಲ. ಸಾತವ್ವ ಕೈಯಿಂದ ತಡವುತ್ತಾ ಕೇಳಿದಳು: "ಅಂಜನಾ ಎಲ್ಲದಾಳ? ಮೊದಲ ಆಕಿ ಉಡಿ ತುಂಬ್ಲಿ. ನಾಳೆ ಒಳಗ ನಿಂದ್ರಾಕಿ ಆಕಿನ." ಕಣ್ಣಿಲ್ಲದ, ಸಾಲಿಯ ಮುಖ ನೋಡದ ಮುದುಕಿಗೆ ಹೊಳೆದದ್ದು ತಮಗೆ ಹೊಳೆಯಲಿಲ್ಲವೇ?

ಆ ಚೌಕವನ್ನು ಹದಿನೆಂಟರೊಳಗೆ ಹೊಡೆದುಹಾಕಿ. ಎಷ್ಟು ಸಲ ಹಡೆದಿದ್ದೀರಿ ಎಂದು ಕೇಳಿ, ಎರಡು ಸಲ ಎಂದು ಬರೆದುಕೊಳ್ಳಿ. ಕೈಮುಗಿದು ಕೇಳುತ್ತಿದ್ದೇನೆ, ಜಗಳವಾಡುವ ಶಕ್ತಿ ನನಗೆ ಉಳಿದಿಲ್ಲ. ನೀವು ಬಿಡದಿದ್ದರೂ ನಾನು ಬರುತ್ತೇನೆ. ಹೆರಿಗೆ ಕೋಣೆಗೆ ಹಿತ್ತಲ ಕಡೆ ಒಂದು ಕಿಟಕಿಯಿದೆ, ಅದರ ಕೆಳಗೆ ಕೂರುತ್ತೇನೆ. ಅಲ್ಲಿಂದ ಒಬ್ಬ ಹೆಂಗಸು 'ಇಲ್ಲೇ ಅದೇನಿ, ಉಜ್ವಲಾ, ಇಲ್ಲೇ ಅದೇನಿ' ಎಂದು ಕೂಗುತ್ತಿದ್ದರೆ ಹುಚ್ಚಿ ಎಂದು ಓಡಿಸಬೇಡಿ. ಒಳಗೆ ಆ ಹುಡುಗಿಗೆ ಕಬ್ಬಿಣದ ಮಂಚ ಬಿಟ್ಟರೆ ನನ್ನ ದನಿಯೊಂದೇ ಇರುತ್ತದೆ.

ಇಂತಿ,
ನಿಮ್ಮ ಚೌಕದೊಳಗಿನ ಸೊನ್ನೆ,
ಅಂಜನಾ
ಚಿಮ್ಮಡ