ಎಡಗಡೆಗೆ ಹೋದ ಚೆಂಡು

ವಡಾಲ, ಮುಂಬಯಿ
ಮಂಗಳವಾರ ಸಂಜೆ

ಮುದ್ದಿನ ಧಾತ್ರಿಗೆ,

ಅಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲ ಕ್ಷೇಮ ಅಂತ ಬರೆದು ಮುಂದಿನ ವಿಷಯಕ್ಕೆ ಹೋಗುವುದು ನಮ್ಮ ಮನೆಯ ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ. ಒಂದೇ ಊರಿನೊಳಗೆ, ನೀನಿರುವ ಜೋಗೇಶ್ವರಿಗೂ ವಡಾಲಕ್ಕೂ ನಡುವೆ ಪತ್ರ ಬರೆಯುವ ಹುಚ್ಚು ಇನ್ನೂ ಯಾರಿಗಿದೆ ಅಂತ ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಹತ್ತು ಪ್ರಶ್ನೆ ಕೇಳುತ್ತೀಯ. ನಾನು ಹೇಳಬೇಕಾದ್ದನ್ನು ನುಂಗಿಕೊಂಡು, ಊಟ ಆಯಿತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ನಿನ್ನೆಯೂ ಹಾಗೇ ಆಯಿತು. ಕೆಳಗಿನ ಮನೆಯ ಶೇಖರ ನಿಮ್ಮ ಆಫೀಸಿನ ಬೀದಿಯ ಹೋಟೆಲಿನಲ್ಲೇ ಕ್ಯಾಷಿಯರ್ ಅಲ್ಲವೆ, ನಾಳೆ ಬೆಳಿಗ್ಗೆ ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಗುರುವಾರಕ್ಕೆ ಮೊದಲು ನೀನಿದನ್ನು ಓದಲೇಬೇಕು.

ವಿಷಯ ನೀನು ಫೋನಿಗಾಗಿ ತಯಾರಿಸುತ್ತಿರುವ ಬೇಸ್‌ಬಾಲ್ ಆಟದ್ದು.

ನಿಮ್ಮ ಕಂಪನಿಯಲ್ಲಿ ಒಬ್ಬೊಬ್ಬರೂ ಮನೆಯಲ್ಲಿ ಆ ಆಟದ ಗಂಧಗಾಳಿ ಇಲ್ಲದವರ ಕೈಗೆ ಫೋನು ಕೊಟ್ಟು, ಪಕ್ಕದಲ್ಲಿ ತುಟಿ ಬಿಚ್ಚದೆ ಕೂತು ನೋಡಬೇಕಂತೆ. ನೀನು ತುಟಿ ಬಿಚ್ಚದೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮೊದಲ ಭಾನುವಾರ ನಾನು ಚೆಂಡನ್ನು ನೇರ ನೆಲಕ್ಕೇ ಕುಕ್ಕಿದೆ. ನಿಮ್ಮಪ್ಪನ ಜೊತೆ ಕ್ರಿಕೆಟ್ ಕಾಮೆಂಟರಿ ಕೇಳಿಕೊಂಡೇ ಸಂಸಾರ ಮಾಡಿದವಳು, ಎಸೆದ ಚೆಂಡು ನೆಲ ಮುಟ್ಟದೆ ಬ್ಯಾಟಿಗೆ ಹೋಗಬೇಕು ಅಂದರೆ ನಂಬುವುದು ಹೇಗೆ? ಆಟ ಮುಗಿದ ಮೇಲೆ ನೀನು ಬಿದ್ದು ಬಿದ್ದು ನಕ್ಕೆ. ನಮ್ಮ ಜನ ಎಲ್ಲರೂ ಇದೇ ತಪ್ಪು ಮಾಡುತ್ತಾರೆ, ಗುರಿಯ ಚೌಕ ಇನ್ನೂ ಎದ್ದು ಕಾಣಬೇಕು ಅಂದೆ. ಆಮೇಲೆ ನಾನು ಕಲಿತೆ. ಬೆರಳು ಒತ್ತಿ ಹಿಡಿಯುವುದು, ಚೌಕದ ಮೂಲೆಗೆ ಎಳೆಯುವುದು, ಸುತ್ತಲಿನ ಬಳೆ ಕಿರಿದಾದ ಗಳಿಗೆಗೆ ಬಿಡುವುದು. ಬಿಡುವಾಗ ಕೊಂಚ ಓರೆಯಾಗಿ ಎಳೆದರೆ ಚೆಂಡು ಬಾಗಿ ಹೋಗುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸವೆದ ಬೆರಳುಗಳು ಇವು, ಸುಮ್ಮನೆಯೆ? ಎಸೆಯುವುದರಲ್ಲಿ ನಿಮ್ಮ ಆಫೀಸಿನ ಹುಡುಗರನ್ನೂ ಮೀರಿಸಿದೆ ಅಂತ ನೀನೇ ಹೇಳಿದ್ದೆ.

ಎಡವಟ್ಟಾದದ್ದು ಚೆಂಡು ಹಿಡಿಯುವುದರಲ್ಲಿ. ಹೊಡೆದ ಚೆಂಡು ಯಾವ ಕಡೆ ಹೋಯಿತೋ ಆ ಕಡೆಯ ಆಟಗಾರನನ್ನು ಮುಟ್ಟಿ ಓಡಿಸಬೇಕು, ಅವನು ಹಿಡಿದ ಮೇಲೆ ಮೈದಾನದ ಮೂಲೆಗಳಲ್ಲಿರುವ ಬೇಸುಗಳಲ್ಲಿ ಯಾವುದಕ್ಕೆ ಎಸೆಯಬೇಕೋ ಅದರ ಗುಂಡಿ ಒತ್ತಬೇಕು. ಮೈದಾನದಲ್ಲಿ ಇರುವ ಹಾಗೇ ನೀನು ಮೊದಲ ಬೇಸಿನ ಗುಂಡಿ ಬಲಕ್ಕೆ, ಮೂರನೆಯದು ಎಡಕ್ಕೆ ಇಟ್ಟಿದ್ದೆ. ಬಲಗಡೆ ಬಂದ ಚೆಂಡು ಒಂದನ್ನೂ ನಾನು ಬಿಡಲಿಲ್ಲ. ಎಡಗಡೆಗೆ ಹೋದದ್ದು ಮಾತ್ರ ಮಾಯ. ಎಲ್ಲಿ ಹೋಯಿತೇ ಚೆಂಡು ಅಂತ ಕೇಳಿದರೆ ನೀನು ನಿನ್ನ ಆಟವನ್ನೇ ಬೈದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಚೆಂಡು ದಪ್ಪವಾಯಿತು. ಇನ್ನೊಂದು ಭಾನುವಾರ ಅದಕ್ಕೆ ಬೆಳಕಿನ ಬಾಲ ಬಂತು. ಆಮೇಲೆ ಫೋನು ಗುರ್ ಅನ್ನತೊಡಗಿತು. ಯಾವುದಕ್ಕೂ ನಾನು ಬಗ್ಗದಿದ್ದಾಗ ನೀನು ಎಡಗಡೆಯವನು ತಾನಾಗಿ ಓಡುವ ಹಾಗೆ ಮಾಡಿ, ಮೂರನೇ ಬೇಸಿನ ಗುಂಡಿಯನ್ನು ತಂದು ಬಲಗಡೆ ಮೊದಲ ಬೇಸಿನ ಪಕ್ಕದಲ್ಲೇ ಕೂರಿಸಿಬಿಟ್ಟೆ. ನನಗೆ ಸಲೀಸಾಯಿತು. ನಿಮ್ಮ ಆಫೀಸಿನ ಹಿತೇಶ್ ಮಾತ್ರ ತಲೆ ಚಚ್ಚಿಕೊಂಡನಂತೆ. ಮೈದಾನದಲ್ಲಿ ಎಡಕ್ಕಿರುವುದನ್ನು ಬಲಕ್ಕೆ ತಂದರೆ ಜನ ತಪ್ಪು ಬೇಸಿಗೆ ಎಸೆಯುತ್ತಾರೆ, ಎಸೆಯುತ್ತಲೂ ಇದ್ದಾರೆ ಅಂದನಂತೆ. ನೀನು ಎಲ್ಲರೆದುರು, ಉಳಿದವರು ಮುಲಾಜಿಗೆ ಚೆನ್ನಾಗಿದೆ ಅನ್ನುತ್ತಾರೆ, ನಮ್ಮಮ್ಮ ಹಾಗಲ್ಲ, ಅವಳಿಗೆ ಕಾಣಿಸಲಿಲ್ಲ ಅಂದರೆ ಕಾಣಿಸಲಿಲ್ಲ ಅಂತ ಜಗಳಕ್ಕೆ ನಿಂತೆಯಂತೆ. ಗುರುವಾರ ದುಡ್ಡು ಹಾಕಿದವರು ನೋಡಲು ಬರುತ್ತಾರೆ, ಅವರ ಮುಂದೆ ಕೆಟ್ಟರೆ ನಿನ್ನ ಕೈಯಿಂದ ಈ ಕೆಲಸವನ್ನೇ ಕಿತ್ತು ಬೇರೆಯವರಿಗೆ ಕೊಡುತ್ತಾರೆ. ಇದನ್ನೆಲ್ಲ ಮೊನ್ನೆ ನಗುನಗುತ್ತಾ ಹೇಳಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆಯಲ್ಲ, ನನಗೆ ಕೇಳಿಸಿತು ಕಣೇ. ನನ್ನ ಕಿವಿ ಚೆನ್ನಾಗಿದೆ.

ಕೆಟ್ಟಿರುವುದು ಬೇರೆ. ಕೆಲವು ವಾರಗಳಿಂದ ಎಡ ಭುಜ ಬಾಗಿಲಿಗೆ ಬಡಿಯುತ್ತಿತ್ತು. ತಟ್ಟೆಯಲ್ಲಿ ಪಲ್ಯ ಬಡಿಸಿಕೊಂಡೆನೋ ಇಲ್ಲವೋ ಅಂತ ಹುಡುಕಿದರೆ ಎಡಗಡೆ ಹಾಗೇ ಉಳಿದಿರುತ್ತಿತ್ತು. ಕನ್ನಡಕ ಬದಲಾಯಿಸಬೇಕೇನೋ ಅಂತ ಶುಕ್ರವಾರ ಮಾಟುಂಗದ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಎದುರು ಕೂತು, ನನ್ನ ಮೂಗನ್ನೇ ನೋಡ್ತಾ ಇರಿ ಅಂದರು. ಬಲಗಡೆ ಬೆರಳು ಅಲ್ಲಾಡಿಸಿದ್ದು ಕಂಡಿತು, ಹೇಳಿದೆ. ಎಷ್ಟು ಹೊತ್ತಾದರೂ ಇನ್ನೊಂದು ಕಡೆ ಶುರು ಮಾಡಲಿಲ್ಲ. "ಎಡಗಡೆ ಯಾವಾಗ ಆಡಿಸ್ತೀರಿ ಡಾಕ್ಟ್ರೇ?" ಅಂತ ಕೇಳಿದೆ. ಅವರು ಆಡಿಸುತ್ತಲೇ ಇದ್ದರಂತೆ.

ಕಣ್ಣಿನಲ್ಲಿ ದೋಷವಿಲ್ಲವಂತೆ, ತಲೆಯೊಳಗೆ ಎಲ್ಲೋ ರಕ್ತ ಕಟ್ಟಿ ಎರಡೂ ಕಣ್ಣಿನ ಎಡ ಅರ್ಧ ಹೋಗಿದೆಯಂತೆ. ನನಗೆ ಗೊತ್ತಾಗದ ಹಾಗೆ ಯಾವಾಗಲೋ ಆಗಿದೆ. ಕೂಡಲೇ ಸ್ಕ್ಯಾನ್ ಮಾಡಿಸಿ, ಮನೆಯವರಿಗೆ ತಿಳಿಸಿ, ಒಬ್ಬರೇ ರಸ್ತೆ ದಾಟಬೇಡಿ ಅಂದರು. ತಲೆಯಾಡಿಸಿ, ಒಬ್ಬಳೇ ರಸ್ತೆ ದಾಟಿ ಮನೆಗೆ ಬಂದೆ.

ಇದಾದ ಮೇಲೂ ಭಾನುವಾರ ನೀನು ಫೋನು ತಂದಾಗ ಯಾಕೆ ಆಡಿದೆ, ಬಲಗಡೆಯ ಗುಂಡಿ ಬಹಳ ಚೆನ್ನಾಗಿದೆ ಅಂತ ಯಾಕೆ ಹೊಗಳಿದೆ ಅಂತ ಕೇಳುತ್ತೀಯ. ನೀನು ಬೈದರೂ ಸರಿ, ನಿಜ ಬರೆಯುತ್ತೇನೆ. ಈ ಆಟ ಶುರುವಾಗುವ ಮೊದಲು ನೀನು ತಿಂಗಳಿಗೊಮ್ಮೆ ಬರುತ್ತಿದ್ದೆ, ಬಂದರೂ ಒಂದು ಕಣ್ಣು ಗಡಿಯಾರದ ಮೇಲೆ. ಈಗ ಪ್ರತಿ ಭಾನುವಾರ ಬಂದು, ಭುಜಕ್ಕೆ ಭುಜ ತಾಗಿಸಿ ಕೂತು, ನನ್ನ ಬೆರಳನ್ನೇ ನೋಡುತ್ತೀಯ. ನಾನು ಗೆದ್ದರೆ ಚಿಕ್ಕವಳ ಹಾಗೆ ಕೂಗುತ್ತೀಯ. ಕಾಯಿಲೆ ಅಂತ ಗೊತ್ತಾದ ಮೇಲೂ ಬರುತ್ತೀಯ, ನನಗೆ ಅನುಮಾನವಿಲ್ಲ. ಆದರೆ ಮಾತ್ರೆ ಕೊಡುವವಳು ಎದುರಿಗೆ ನಿಲ್ಲುತ್ತಾಳೆ, ಪಕ್ಕದಲ್ಲಿ ಕೂರುವುದಿಲ್ಲ. ನಿನ್ನ ಒಂದು ರೂಮಿನ ಮನೆಯಲ್ಲಿ ನನಗೊಂದು ಮಂಚ ಹಾಕಿಸಿ, ಹೊರಗೆ ಹೋಗಬೇಡ, ಗ್ಯಾಸು ಹಚ್ಚಬೇಡ ಅನ್ನುತ್ತೀಯ. ನನಗೆ ಅದು ಬೇಡವಾಗಿತ್ತು. ಇನ್ನೊಂದೇ ಒಂದು ಭಾನುವಾರ ಅಂದುಕೊಂಡೆ. ಅದಕ್ಕೆ ನೀನು ಗುರುವಾರ ಬೆಲೆ ತೆರಬೇಕಾಗುತ್ತದೆ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ.

ಸೋಮವಾರ ಬುದ್ಧಿ ಬಂತು. ಪಕ್ಕದ ಮನೆಯ ಹರಿಣಿ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುತ್ತಾಳೆ, ಅವಳ ಮಗಳು ಯಕ್ಷಿತಾಳನ್ನು ಸ್ಕೂಲಿಗೆ ಬಿಡುವವಳು ನಾನೇ ಅಂತ ನಿನಗೆ ಗೊತ್ತು. ಒಬ್ಬಳೇ ದಾಟಬೇಡ ಅಂದಿದ್ದಾರೆ, ಜೊತೆಗೆ ಮಗು ಇದೆಯಲ್ಲ ಅಂತ ನನಗೆ ನಾನೇ ವಾದ ಮಾಡಿಕೊಂಡು ಹೊರಟೆ. ಅವಳು ಯಾವಾಗಲೂ ನನ್ನ ಎಡಗೈ ಹಿಡಿಯುತ್ತಾಳೆ, ಬಲಗೈಯಲ್ಲಿ ಅವಳ ಚೀಲ. ರಸ್ತೆಯ ಅರ್ಧ ಚೆನ್ನಾಗಿಯೇ ದಾಟಿದೆವು, ಅಲ್ಲಿಯವರೆಗೆ ಗಾಡಿ ಬರುವುದು ಬಲದಿಂದ. ಇನ್ನರ್ಧಕ್ಕೆ ಖಾಲಿ ಇದೆ ಅಂತ ಕಾಲಿಟ್ಟೆ. ಟೆಂಪೋ ಬಂದಿತ್ತು. ಚಾಲಕ ಗಕ್ಕನೆ ಬ್ರೇಕ್ ಹಾಕಿದ, ಏನೂ ಆಗಲಿಲ್ಲ. ಆದರೆ ಆಗ ನನಗೆ ಹೊಳೆಯಿತು. ಮೈದಾನದಲ್ಲಿ ಚೆಂಡು ಇಲ್ಲ ಅಂತ ನಾನು ಎಷ್ಟು ಗಟ್ಟಿಯಾಗಿ ಹೇಳಿದ್ದೆನೋ ಅಷ್ಟೇ ಗಟ್ಟಿಯಾಗಿ ರಸ್ತೆ ಖಾಲಿ ಅಂದುಕೊಂಡಿದ್ದೆ.

ಹಾಗಾಗಿ ಕೇಳು. ಮೂರನೇ ಬೇಸಿನ ಗುಂಡಿಯನ್ನು ಮತ್ತೆ ಎಡಕ್ಕೆ ಹಾಕು. ಎಡಗಡೆಯವನನ್ನು ತಾನಾಗಿ ಓಡಿಸಬೇಡ, ಆಡುವವರು ಓಡಿಸಲಿ. ನೀನು ಮೊದಲು ಮಾಡಿದ್ದೇ ಸರಿಯಾಗಿತ್ತು. ಬೆಳಕಿನ ಬಾಲ ಬೇಕಾದರೆ ಇರಲಿ, ನೋಡಲು ಚೆಂದ. ಹಿತೇಶನಿಗೆ ಏನು ಹೇಳಬೇಕು ಅಂತ ತಲೆ ಕೆಡಿಸಿಕೊಳ್ಳಬೇಡ, ಅಮ್ಮನಿಗೆ ಅರ್ಧ ಕಾಣುವುದಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳು. ಗುರುವಾರ ಮುಗಿಯುವ ತನಕ ನೀನು ಇಲ್ಲಿಗೆ ಬರಬೇಡ, ಒಂದು ದಿನದ ಕೆಲಸ ಹಾಳಾಗುತ್ತದೆ. ಭಾನುವಾರ ಬಾ, ಸ್ಕ್ಯಾನಿನ ಮಾತು ಆಡೋಣ. ನಾನು ಜಾಗ್ರತೆಯಾಗಿದ್ದೇನೆ, ಹೊರಗೆ ಹೋಗುತ್ತಿಲ್ಲ.

ನಿನ್ನನ್ನು ಬಿಟ್ಟರೆ ಬೇರೆ ಯಾರಿಗೂ ಸೋಲದ
ನಿನ್ನ ಅಮ್ಮ,
ಅಮ್ಮಣ್ಣಿ

ತಾ.ಕ.: ಬುಧವಾರ ಬೆಳಿಗ್ಗೆ. ಶೇಖರ ಬಾಗಿಲಲ್ಲಿ ನಿಂತಿದ್ದಾನೆ. ನಾನು ಪತ್ರ ಮಡಿಸುತ್ತಿದ್ದಾಗ, "ಮಗುವಿನ ಕಾಲಿನ ಆಪರೇಷನ್ ಇವತ್ತೇ ಉಂಟಂತೆ ಅಲ್ವಾ ಅಮ್ಮ?" ಅಂದ. ಅವನ ಬಾಯಿಂದ ನೀನು ಕೇಳುವುದು ಬೇಡ. ಟೆಂಪೋ ನಿಲ್ಲಲಿಲ್ಲ ಧಾತ್ರಿ. ಯಕ್ಷಿತಾಳ ತೊಡೆಯ ಮೂಳೆ ಮುರಿದಿದೆ, ನನಗೆ ಒಂದು ಗೀರೂ ಇಲ್ಲ. ಚಾಲಕ ದಾನಪ್ಪ ಅನ್ನುವವನು ಪೊಲೀಸ್ ಠಾಣೆಯಲ್ಲಿದ್ದಾನೆ, ಹಾರ್ನ್ ಹೊಡೆದೆ, ಅವರು ತಿರುಗಿಯೂ ನೋಡಲಿಲ್ಲ ಅಂತ ಅಳುತ್ತಿದ್ದಾನಂತೆ. ಆಸ್ಪತ್ರೆಯಲ್ಲಿ ಹರಿಣಿ ನನ್ನ ಕೈ ಹಿಡಿದುಕೊಂಡು, "ಅವನದೇ ಗಲತಿ, ಅವನದೇ ತಪ್ಪು ಅಲ್ವಾ ಆಂಟಿ, ನೀವು ನೋಡೇ ದಾಟಿದ್ರಿ ಅಲ್ವಾ?" ಅಂತ ಕೇಳಿದಳು. ಹೌದು ಅಂದೆ. ಪೊಲೀಸರಿಗೂ ಅದನ್ನೇ ಹೇಳಿದೆ. ಬರಬೇಡ ಅಂತ ಮೇಲೆ ಬರೆದದ್ದನ್ನು ಹೊಡೆದುಹಾಕು, ಓದಿದ ಕೂಡಲೇ ಬಾ. ಮೊದಲು ಹರಿಣಿಯ ಹತ್ತಿರ, ಆಮೇಲೆ ಠಾಣೆಗೆ ಹೋಗೋಣ. ಅವಳನ್ನು ನನ್ನ ಬಲಗಡೆ ಕೂರಿಸು. ನಾನು ಹೇಳುವಾಗ ಅವಳ ಮುಖ ನನಗೆ ಪೂರ್ತಿ ಕಾಣಬೇಕು.