ಗುಡ್ಡಕ್ಕೆ ಕರೆದವರು ಯಾರು

ಡಿಸೆಂಬರ್ 11, 2024. ಬುಧವಾರ

ಫಸ್ಟ್ ಟ್ರಿಪ್. ಜೇವರ್ಗಿ–ಶಹಾಪುರ–ಯಾದಗಿರಿ. ಬಸ್ಸು ಫುಲ್. ಮುಕ್ಕಾಲು ಹೆಂಗಸರು, ಎಲ್ಲರಿಗೂ ಫ್ರೀ, ಝೀರೋ ಟಿಕೆಟ್. ಮುದುಕಿಯೊಬ್ಬಳು ಸೆರಗಿನಲ್ಲಿ ಕೋಳಿ ಮುಚ್ಚಿಕೊಂಡು ಕೂತಿದ್ದಳು. ಕೋಳಿಗೆ ಟಿಕೆಟ್ ತಗೋಬೇಕು ಅಂದೆ. “ಇದೂ ಹೆಣ್ಣೇ ಅದ, ಬಿಡೋ ಯಪ್ಪಾ” ಅಂದಳು. ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಆದ ನಾನೂ ನಕ್ಕೆ.

ಯಾದಗಿರಿಯಲ್ಲಿ ಹಾಲ್ಟ್, ಚಹಾ. ಎದುರಿಗೇ ಗುಡ್ಡ, ಗುಡ್ಡದ ಮೇಲೆ ಕೋಟೆ. ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಒಮ್ಮೆಯೂ ಹತ್ತಿಲ್ಲ.

ಸಂಜೆ ಮನೆಗೆ ಬಂದರೆ ಕೋಳಿ ಸುದ್ದಿ ಹೇಳಲು ಯಾರೂ ಇಲ್ಲ. ಅದಕ್ಕೇ ಇಲ್ಲಿ ಬರೆದೆ.

ಡಿ. 15, ಭಾನುವಾರ

ಅನ್ನ ತಳ ಹತ್ತಿತು. ಅದನ್ನೇ ಉಂಡೆ.

ಶಾಂಭವಿ ಫೋನ್ ಮಾಡಿದ್ದಳು.
“ಊಟ ಆತೇನ್ರಿ?”
“ಆತು. ನಿಂದು?”
“ಆತು.”
ಇಷ್ಟೇ. ಗಂಡ ಹೆಂಡತಿಯ ಮಾತು ಪೂರ್ತಿ.

ಪಂಚಮಿಗೆ ಅಂತ ತವರಿಗೆ ಹೋದವಳು. ಅವಳ ಅಣ್ಣ ಜಗದೇವಪ್ಪ ಬಂದು ಅಫಜಲಪುರಕ್ಕೆ ಕರೆದೊಯ್ದ. ಜಗಳವಿಲ್ಲ, ಗಿಗಳವಿಲ್ಲ. ಪ್ರತಿ ವರ್ಷ ವಾಪಸ್ಸು ಕರೆಯಲು ನಮ್ಮವ್ವ ಹೋಗುತ್ತಿದ್ದಳು, ಕುಬಸದ ಅರಿವೆ, ಕಾಯಿ, ಉತ್ತತ್ತಿ ಕಟ್ಟಿಕೊಂಡು. ಹೋದ ಬೇಸಿಗೆಯಲ್ಲಿ ಅವ್ವ ತೀರಿಹೋದಳು. ಈಗ ಹೋಗುವವರಿಲ್ಲ. ಗಂಡನೇ ಹೋದರೆ ಮಂದಿ ನಗುತ್ತಾರೆ — ಹೆಂಡತಿ ಸೆರಗು ಹುಡುಕಿಕೊಂಡು ಬಂದ ಅಂತ. ಕರೆಯದೆ ಅವಳೇ ಬಂದರೆ ತವರಿನವರ ಮಾನ ಹೋಗುತ್ತದೆ. ಅವಳು ದಾರಿ ನೋಡಿದಳು. ನಾನೂ ನೋಡಿದೆ. ದಸರೆ ಹೋಯಿತು, ದೀಪಾವಳಿ ಹೋಯಿತು. ಇಲ್ಲದ ಜಗಳ ಈಗ ನಿಜವಾಗಿಯೂ ಬಂದು ಕೂತಿದೆ.

ಡಿ. 24

ಜಗದೇವಪ್ಪನ ಫೋನು. ದನಿ ಮೆತ್ತಗೇ ಇತ್ತು, ಅದೇ ಹೆಚ್ಚು ಹೆದರಿಸಿತು.

“ನೋಡ್ರಿ ದೌಲತರಾಯಾರ, ಎಳ್ಳಮಾಸಿ ತನಾ ದಾರಿ ನೋಡ್ತೀವಿ. ಯಾರೂ ಕರಿಯಾಕ ಬರ್ಲಿಲ್ಲಂದ್ರ, ಹಿರ್ಯಾರ್ನ ಕೂಡ್ಸಿ ಸೋಡಚೀಟಿ ಮಾತಾಡೂದೇ.”

ಸೋಡಚೀಟಿ. ಸಂಬಂಧ ಹರಿಯುವ ಮಾತು. ಇದಕ್ಕೆ ಶಾಂಭವಿ ಏನಂತಾಳೆ ಅಂತ ಕೇಳಬೇಕಿತ್ತು. ಹೂಂ ಅಂದು ಇಟ್ಟೆ.

ಡಿ. 29, ಸಂಜೆ

ನಾಳೆ ಎಳ್ಳಮಾವಾಸ್ಯೆ. ನನಗೆ ಆಫ್. ಡ್ರೈವರ್ ಅಂಬಾರಾಯ ಹೊಲಕ್ಕೆ ಕರೆದ.

“ಬರ್ರಿ ಅಣ್ಣಾ, ಭಜ್ಜಿ, ಸಜ್ಜಿ ರೊಟ್ಟಿ ಉಂಡು ಹೋಗೂರಂತ. ವೈನಿ ಬಂದಾರೇನು?”

ಆ ಕೊನೇ ಮಾತು ಕೇಳದಿದ್ದರೆ ಹೋಗುತ್ತಿದ್ದೆನೇನೋ. “ಇಲ್ಲೋ, ನಾನೇ ಅಫಜಲಪುರಕ್ಕ ಹೊಂಟೀನಿ” ಅಂದುಬಿಟ್ಟೆ. ಅವನಿಗೆ ಬಹಳ ಖುಷಿಯಾಯಿತು. ಬೆನ್ನು ತಟ್ಟಿದ. ಸುಳ್ಳಿಗೆ ಇಷ್ಟು ಮರ್ಯಾದೆ!

ಡಿ. 30, ಬೆಳಿಗ್ಗೆ

ಖಾನಾವಳಿ ಬಂದ್. ಅಂಗಡಿ ಬಂದ್. ಊರಿಗೆ ಊರೇ ಹೊಲಕ್ಕೆ ಹೋಗಿದೆ. ಬುಟ್ಟಿ ಹೊತ್ತವರು, ಟ್ರ್ಯಾಕ್ಟರ್, ಟಂಟಂ. ಓಣಿಯಲ್ಲಿ ನಾನು ಮತ್ತು ಒಂದು ನಾಯಿ. ಇಲ್ಲೇ ಇದ್ದರೆ ಅಂಬಾರಾಯನ ಕಣ್ಣಿಗೆ ಬೀಳುತ್ತೇನೆ.

ಅಫಜಲಪುರದ ಬಸ್ಸು ಹೋಯಿತು. ಹತ್ತಲಿಲ್ಲ. ಯಾದಗಿರಿಯದು ಬಂತು, ಹತ್ತಿದೆ.

ಮಧ್ಯಾಹ್ನ. ಕೋಟೆಯ ಮೇಲೆ

ಹತ್ತಿದೆ! ಬಸ್ಸಿನಲ್ಲಿ ನಿಂತು ನಿಂತು ಕಾಲು ಗಟ್ಟಿ ಅಂದುಕೊಂಡಿದ್ದೆ. ಎರಡನೇ ದರವಾಜೆಗೇ ಏದುಸಿರು. ಮನೆಯಷ್ಟು ದೊಡ್ಡ ಬಂಡೆಗಳು, ಅವುಗಳ ಸಂದಿಗೇ ಗೋಡೆ ಕಟ್ಟಿದ್ದಾರೆ. ಎಲ್ಲಿ ಗುಡ್ಡ ಮುಗಿದು ಎಲ್ಲಿ ಕೋಟೆ ಶುರು, ತಿಳಿಯುವುದಿಲ್ಲ. ಮೆಟ್ಟಿಲು ಸವೆದು ನುಣ್ಣಗಾಗಿವೆ. ಹೊಂಡದಲ್ಲಿ ಹಸಿರು ನೀರು. ಒಂದು ಹಳೇ ಫಿರಂಗಿ ತೋಪು, ಅದರ ಮೇಲೆ ಯಾರೋ ಪ್ರೇಮಿಗಳ ಹೆಸರು.

ಶಾಂಭವಿ ಎಷ್ಟು ಸಲ ಕೇಳಿದ್ದಳು: “ದಿನಾ ಯಾದಗಿರಿಗಿ ಹೋಗ್ತೀರಿ, ಒಮ್ಮೆರೆ ಕೋಟಿ ತೋರಸ್ರಿ.” ಕಲ್ಲು, ಮುಳ್ಳು, ಏನದ ಅಲ್ಲಿ ಅಂತಿದ್ದೆ.

ಏನದ ಅಂದರೆ, ಇಷ್ಟದ. ಅತ್ತ ಭೀಮೆ, ಇತ್ತ ರೈಲು ಹಳಿ, ನಡುವೆ ಹೊಲಗಳು. ಪ್ರತಿ ಹೊಲದಲ್ಲೂ ಮಂದಿ ದುಂಡಗೆ ಕೂತು ಉಣ್ಣುತ್ತಿದ್ದಾರೆ. ಬೆಳೆಗೆ ಚರಗದ ಎಡೆ ಚೆಲ್ಲುವವರ ಕೂಗು ಇಲ್ಲಿಯವರೆಗೂ ಬರುತ್ತದೆ. ಮೇಲೆ ನಾನೊಬ್ಬನೇ. ಜೇಬಿನಲ್ಲಿ ಬಿಸ್ಕಿಟ್ ಪುಡಾ. ಅಳು ಬಂತು. ಬಂದರೆ ಬರಲಿ, ಇಲ್ಲಿ ಯಾರು ನೋಡುತ್ತಾರೆ.

ವಿಡಿಯೋ ಕಾಲ್ ಮಾಡಿದೆ. ಎತ್ತಿದಳು. ಅವಳೂ ಅಣ್ಣನ ಹೊಲದಲ್ಲಿದ್ದಳು, ಹಿಂದೆ ಜೋಳದ ಬೆಳೆ. ಸೊರಗಿದ್ದಾಳೆ. ಫೋನು ತಿರುಗಿಸಿ ಎಲ್ಲ ತೋರಿಸಿದೆ — ಗೋಡೆ, ತೋಪು, ಹೊಂಡ, ಭೀಮೆ. ನೋಡಿದಳು. ಬಹಳ ಹೊತ್ತು ನೋಡಿದಳು.

“ಒಬ್ರೇ ಏರೀರೇನು?”
“ಹೂಂ.”
“ಅಲ್ಲಿಗಿ ಯಾರು ಕರದಿದ್ರು ನಿಮ್ಗ?”
“ಯಾರೂ ಕರೀಲಿಲ್ಲ. ನಾನೇ ಬಂದೆ.”
“ಅಷ್ಟು ಎತ್ತರಕ್ಕ ಯಾರೂ ಕರೀಲಾರದೆ ಹೋದ್ರಿ. ಅಫಜಲಪುರ ಸಪಾಟ ನೆಲ ಅದರಿ.”

ಕಟ್ ಮಾಡಿದಳು. ನೆಟ್‌ವರ್ಕ್ ಹೋಯಿತು ಅಂತ ಬರೆಯಬಹುದಿತ್ತು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಸಂಜೆ

ಇಳಿಯುವಾಗ ಗುಡ್ಡದ ಬುಡದ ಹೊಲದವರು ಕೈ ಬೀಸಿ ಕರೆದರು. “ಬರ್ರಿ ಯಣ್ಣಾ, ಹಬ್ಬದ ದಿನ ಹಂಗೇ ಹೋಗಬಾರ್ದು.” ನೀನು ಯಾರು, ಯಾವ ಮಂದಿ ಅಂತ ಕೇಳಲಿಲ್ಲ. ಎರಡು ರೊಟ್ಟಿ ಭಜ್ಜಿ ಉಂಡೆ.

ಜನವರಿ 3, ಶುಕ್ರವಾರ. ಅಫಜಲಪುರದಿಂದ ವಾಪಸ್ಸು, ಬಸ್ಸಿನಲ್ಲಿ

ಹೋಗಿದ್ದೆ. ರಜೆ ಹಾಕಿ. ಕುಬಸದ ಅರಿವೆ, ಕಾಯಿ, ಉತ್ತತ್ತಿ. ಅಂಗಡಿಯವಳು ಯಾರಿಗೆ ಅಂದಳು, ನನ್ನ ಹೆಂಡತಿಗೆ ಅಂದೆ. ನಗಲಿಲ್ಲ.

ಕಟ್ಟೆಯ ಮೇಲೆ ಹಿರಿಯರು ಇಬ್ಬರು ಕೂತೇ ಇದ್ದರು. ಜಗದೇವಪ್ಪ ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿದ.

“ಒಬ್ರೇ ಬಂದೀರೇನ್ರಿ? ಹಿರ್ಯಾರು ಯಾರೂ ಇಲ್ಲ?”
“ನಮ್ಮ ಮನ್ಯಾಗ ಈಗ ನಾನೇ ಹಿರ್ಯಾ.”

ಹಿರಿಯರಲ್ಲಿ ಒಬ್ಬ ಮೀಸೆಯಲ್ಲೇ ನಕ್ಕ. ನಗಲಿ. ಶಾಂಭವಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ಎಲ್ಲರ ಎದುರಿಗೇ ಹೇಳಿದೆ: “ನಿನ್ನ ಕರಿಯಾಕ ಬಂದೀನಿ. ನಡಿ ಮನಿಗಿ.”

ಅರಿವೆ ತಗೊಂಡಳು. ಕಾಯಿ ತಗೊಂಡಳು. ಆಮೇಲೆ ಅಂದಳು, “ಕರದ್ರಿ, ಆತು. ಇನ್ನ ಸೋಡಚೀಟಿ ಮಾತಿಲ್ಲ ಅಣ್ಣಾ.” ನನ್ನ ಕಡೆ ತಿರುಗಿದಳು. “ಐದು ತಿಂಗಳು ನಾ ಬಾಗಲದಾಗ ನಿಂತು ದಾರಿ ನೋಡೀನಿ. ಈಗ ನೀವು ಸ್ವಲ್ಪ ನೋಡ್ರಿ. ಬರೂದು ನನ್ನ ಮ್ಯಾಲ ಬಿಡ್ರಿ.”

ಎಂದು ಬರುತ್ತಿ ಅಂತ ಕೇಳಲಿಲ್ಲ. ಕೇಳುವ ಮುಖ ನನಗಿಲ್ಲ. ಉಣಿಸಿ ಕಳಿಸಿದರು. ಪಕ್ಕದ ಸೀಟು ಖಾಲಿ. ಯಾರೋ ಕೂಡಲು ಬಂದರೆ ಮಂದಿ ಬರೋರದಾರ ಅಂದೆ. ಅಂದಮೇಲೆ ನಾಚಿಕೆಯಾಗಿ ಸರಿದು ಕೂತೆ.

ಜ. 15

ಸಂಕ್ರಾಂತಿ ಆಯಿತು. ಬರಲಿಲ್ಲ. ಫೋನೂ ಇಲ್ಲ. ನಾನೂ ಮಾಡಿಲ್ಲ, ಅವಸರ ಮಾಡಿದಂತಾಗುತ್ತದೆ.

ದಾರಿ ನೋಡುವುದು ಇಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಲ್ಲ. ಹಿಂದೆ ನಾನು ನೋಡಿದ್ದೆಲ್ಲ ಬರೀ ಸೆಡವು.

ಜ. 21, ಮಂಗಳವಾರ. ಜೇವರ್ಗಿ ಸ್ಟ್ಯಾಂಡು

ಡ್ಯೂಟಿ ಮುಗಿಯಿತು. ಅಂಬಾರಾಯ ಚಹಾಕ್ಕೆ ಕರೆದ, ನೀ ನಡಿ ಅಂದೆ. ದಿನಾ ಹೀಗೇ. ಅಫಜಲಪುರದ ಬಸ್ಸು ಬಂದು ಖಾಲಿಯಾಗುವ ತನಕ ಈ ಕಂಬದ ಹತ್ತಿರ ಕೂತಿರುತ್ತೇನೆ. ಖಾಲಿಯಾದ ಮೇಲೆ ಮನೆಗೆ.

ಬಸ್ಸು ಬಂತು. ಧೂಳು. ಮುಂದಿನ ಬಾಗಿಲಲ್ಲಿ ಹೆಂಗಸರು ಇಳಿಯುತ್ತಿದ್ದಾರೆ. ಬುಟ್ಟಿಯ ಮುದುಕಿ. ಕೂಸು ಎತ್ತಿಕೊಂಡವಳು. ಬುರ್ಖಾದ ಇಬ್ಬರು. ಆಮೇಲೆ ಒಂದು ಚೀಲ, ಚೀಲದ ಹಿಂದೆ ನಾನು ಒಯ್ದಿದ್ದ ಅರಿವೆಯ ಕುಬಸ ತೊಟ್ಟವಳು —