ಹೊರಟ ಸಮಯದ ಕಾಲಂ

ದಿಕ್ಸೂಚಿ ಮಹಾಶಯ,

ಎಡಗೈ ಯಾವುದೆಂದು ತಿಳಿಯಲು ವಾಚು ನೋಡಿಕೊಳ್ಳುತ್ತಿದ್ದ ನಿನಗೆ ಈ ಹೆಸರಿಟ್ಟವನು ನಾನೇ. ನಿನ್ನ ಹೊಸ ವಿಳಾಸ ನನ್ನಲ್ಲಿಲ್ಲ, ಯಾರನ್ನಾದರೂ ಕೇಳುವ ಮುಖವೂ ಉಳಿದಿಲ್ಲ. ಹಾಗಾಗಿ ಈ ಪತ್ರದ ಪ್ರಯಾಣ ನನ್ನ ಡ್ರಾಯರಿನವರೆಗೆ ಮಾತ್ರ.

ನಾಲ್ಕು ವರ್ಷದ ಮೇಲೆ ಇವತ್ತು, ನಾವಿಬ್ಬರೂ ಕೊನೇ ಸಲ ಜೊತೆಗಿದ್ದ ಆ ದ್ವೀಪಕ್ಕೆ ಹೋಗಿದ್ದೆ. ಕಾಡಿನ ದಾರಿ ಹಾಗೇ ಇದೆ, ನನ್ನ ಏದುಸಿರು ಮಾತ್ರ ಹೊಸದು. ಕೆರೆಯ ಹತ್ತಿರ ನಾವು ಜಗಳವಾಡಿ ಬೇರೆ ಬೇರೆ ದಾರಿ ಹಿಡಿದ ಕವಲಿನಲ್ಲಿ ಈ ಸಲ ನೀನು ಹೇಳಿದ ದಾರಿಯನ್ನೇ ಹಿಡಿದೆ. ನೀನು ಹೇಳಿದ್ದು ತಪ್ಪೇ. ಮೊಣಕಾಲುದ್ದ ನೀರಿಗಿಳಿದೆ.

ದೋಣಿ ನಿಲ್ಲುವಲ್ಲಿಗೆ ವಾಪಸು ಬಂದು, ಬಂದುಹೋಗುವವರ ಪುಸ್ತಕದಲ್ಲಿ ಹೊರಟ ಸಮಯ ಬರೆಯಲು ಹೋದರೆ, ಅಲ್ಲಿನ ಕಾವಲುಗಾರ ನನ್ನ ಹೆಸರು ನೋಡಿ ಕಣ್ಣರಳಿಸಿದ.

"ಓ, ನೀವೇನಾ! ಅವತ್ತು ಇಲ್ಲಿ ಬರೆಯದೇ ಮೂರರ ದೋಣಿ ಹತ್ತಿದವರು? ನೀವಿನ್ನೂ ಕಾಡಲ್ಲೇ ಇದ್ದೀರಿ ಅಂತ ನಿಮ್ಮ ಗೆಳೆಯರು ಎರಡು ಸಲ ಕೆರೆ ಸುತ್ತಿ ಕೂಗಿದ್ರು. ಕೊನೇ ದೋಣಿನೂ ತಪ್ಪಿಸಿಕೊಂಡ್ರು. ಆಮೇಲೆ ದೋಣಿಯವನೇ ಬಂದು ಹೇಳಿದ, ನೀವು ಆಗಲೇ ಹೋಗಿದ್ದೀರಿ ಅಂತ."

"ಅದಕ್ಕವನು ಏನಂದ?"

"ಈ ಕಟ್ಟೆ ಮೇಲೆ ಕೂತ್ರು ಸಾರ್. ಬೂಟು ಬಿಚ್ಚಿ ನೀರು ಸುರಿದ್ರು."

ಆ ವಾರವೆಲ್ಲ ನಾನು, ನೀನೇ ಮೊದಲು ಫೋನ್ ಮಾಡಲಿ ಅಂತ ಬಿಗಿದುಕೊಂಡು ಕೂತಿದ್ದೆ. ತಪ್ಪು ದಾರಿ ಹೇಳಿದವನು ನೀನಲ್ಲವೇ, ಕ್ಷಮೆ ನೀನೇ ಕೇಳಬೇಕಿತ್ತಲ್ಲ!

ಅಷ್ಟರಲ್ಲಿ ಮೂರರ ದೋಣಿ ಹಾರ್ನ್ ಹೊಡೆಯಿತು. ಕಾವಲುಗಾರ ಪೆನ್ನು ಚಾಚಿ, "ಬೇಗ ಬರೀರಿ, ಹೊರಡ್ತೀರಲ್ಲ?" ಅಂದ.

"ಕೊನೇದಕ್ಕೆ ಹೋಗ್ತೀನಿ" ಅಂದೆ.

ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದೆ. ಒಂದೇ ಬೂಟಿನಲ್ಲಿ ಎಷ್ಟು ನೀರಿತ್ತು ಕಣೋ.